ಕಣಕುಂಬಿಗೆ ಬರಬೇಕಾದ ಒಟಿಪಿ

ಕಳೆದ ತಿಂಗಳು ನನ್ನ ಹೊಲಿಗೆ ಯಂತ್ರದ ಮೋಟಾರು ಕೆಟ್ಟಿತು. ಅದನ್ನು ಚೀಲದಲ್ಲಿ ಹಾಕಿಕೊಂಡು ಖಾನಾಪುರದಿಂದ ಬೆಳಗಾವಿಗೆ ಹೋದೆ. ರಿಪೇರಿಯವನು ಸಂಜೆ ಬರ್ರಿ ಎಂದ. ಮಳೆ ಹಿಡಿದುಕೊಂಡಿತ್ತು. ಎಲ್ಲಿ ಹೊತ್ತು ಕಳೆಯುವುದೆಂದು ತಿಳಿಯದೆ ನಡೆಯುತ್ತ ನಡೆಯುತ್ತ ಕ್ಯಾಂಪ್ ಬಡಾವಣೆಗೆ ಬಂದು, ಒಂದು ಬೇಕರಿಯ ತಗಡಿನ ಕೆಳಗೆ ನಿಂತೆ. ಒಳಗೆ ಆಗತಾನೇ ಬ್ರೆಡ್ಡು ತೆಗೆದಿದ್ದರು. ಬಿಸಿ ಬ್ರೆಡ್ಡಿನ ವಾಸನೆಯೂ ನೆನೆದ ಛತ್ರಿಗಳ ವಾಸನೆಯೂ ಕೂಡಿ ಮೂಗಿಗೆ ಬಂದಾಗ ತಲೆ ಎತ್ತಿ ನೋಡಿದೆ. ಅದೇ ಬೇಕರಿ. ಪಕ್ಕದ ಕಟ್ಟಿಗೆಯ ಮೆಟ್ಟಿಲು ಹತ್ತಿದರೆ ನನ್ನ ತಂಗಿ ರೂಪಾ ಕೆಲಸ ಮಾಡುತ್ತಿದ್ದ ಕಂಪ್ಯೂಟರ್ ಆಫೀಸು ಇತ್ತು. ಈಗ ಅಲ್ಲಿ ಟ್ಯೂಷನ್ನಿನ ಬೋರ್ಡು ತೂಗುತ್ತಿದೆ.

ನನಗೆ ಅಳು ಬರಲಿಲ್ಲ. ಕೈ ಮರಗಟ್ಟಿದಾಗ ಸೂಜಿ ಚುಚ್ಚಿದರೂ ನೋವು ತಿಳಿಯುವುದಿಲ್ಲ, ಬಟ್ಟೆಯ ಮೇಲೆ ರಕ್ತ ಕಂಡ ಮೇಲೆ ಚುಚ್ಚಿದೆ ಎಂದು ಗೊತ್ತಾಗುತ್ತದೆ. ಅವಳು ಅಲ್ಲಿದ್ದ ಕೊನೆಯ ಮಳೆಗಾಲದ ವಿಷಯದಲ್ಲಿ ನಾನು ಇಂದಿಗೂ ಹಾಗೇ ಇದ್ದೇನೆ. ರೂಪಾ ಈಗ ಧಾರವಾಡದಲ್ಲಿ ಬೇರೆ ಕಡೆ ಕೆಲಸ ಮಾಡುತ್ತಾಳೆ, ಹಬ್ಬಕ್ಕೆ ಮನೆಗೆ ಬರುತ್ತಾಳೆ, ನನಗೆ ಸೀರೆ ತರುತ್ತಾಳೆ. ನಾವು ಊಟದ ಮಾತು, ಮಳೆಯ ಮಾತು ಆಡುತ್ತೇವೆ. ಆ ವರ್ಷದ ಮಾತು ಆಡುವುದಿಲ್ಲ.

ನಾನು ಓದಿದ್ದು ಏಳನೆಯ ತರಗತಿ. ಅವ್ವ ಹಾಸಿಗೆ ಹಿಡಿದ ಮೇಲೆ ಸಾಲಿ ಬಿಟ್ಟೆ, ಹೊಲಿಗೆ ಕಲಿತೆ, ಖಾನಾಪುರ ಬಸ್ ಸ್ಟ್ಯಾಂಡಿನ ಎದುರು ಒಂದು ಖೋಲಿ ಹಿಡಿದು ಅಂಗಡಿ ಹಾಕಿದೆ. ರೂಪಾ ನನಗಿಂತ ಬಹಳ ಸಣ್ಣವಳು. ಅವಳನ್ನು ನಾನೇ ಓದಿಸಿದೆ ಎಂದು ಜನ ಹೇಳುತ್ತಾರೆ. ಖರೇ ಹೇಳಬೇಕೆಂದರೆ ಅವಳು ತಾನೇ ಓದಿದಳು, ನಾನು ಡಬ್ಬಿ ಕಟ್ಟಿ ಕೊಟ್ಟೆ. ಡಿಪ್ಲೊಮಾ ಮುಗಿಸಿ ಕ್ಯಾಂಪಿನ ಆ ಆಫೀಸಿಗೆ ಸೇರಿದಳು. ದಿನಾ ಬೆಳಿಗ್ಗೆ ಹೋಗಿ ಸಂಜೆಯ ಗಾಡಿಗೆ ಬರುತ್ತಿದ್ದಳು. ಬಂದು ನನ್ನ ಅಂಗಡಿಯಲ್ಲೇ ಕುಳಿತು, ಅವತ್ತಿನ ಕೆಲಸದ ಕಥೆಯೆಲ್ಲ ಹೇಳುತ್ತಿದ್ದಳು. ನಾನು ಅಂಚು ಮಡಿಚುತ್ತ ಕೇಳುತ್ತಿದ್ದೆ.

ಆ ವರ್ಷ ಮಳೆ ಶುರುವಾಗುವ ಮೊದಲು ಅವಳ ಆಫೀಸಿಗೆ ಒಂದು ಸೇವಾಸಂಸ್ಥೆಯ ಕೆಲಸ ಬಂತು. ಕಾಡಿನ ಹಳ್ಳಿಗಳಿಗೆ ದವಾಖಾನೆಯ ಗಾಡಿ ಕಳಿಸುವ ಸಂಸ್ಥೆ ಅದು. ಗಾಡಿ ಬಂದಾಗ ಯಾರು ಬಂದರು, ಯಾರಿಗೆ ಏನು ಕಾಯಿಲೆ, ಯಾವ ಗುಳಿಗೆ ಕೊಟ್ಟರು ಎನ್ನುವುದನ್ನು ಊರಿನ ಒಬ್ಬ ಹೆಣ್ಣುಮಗಳು ಕಂಪ್ಯೂಟರಿನಲ್ಲಿ ಬರೆಯಬೇಕು. ಅದಕ್ಕೊಂದು ವೆಬ್‌ಸೈಟು. ಅದರೊಳಗೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ಹೊಂದಿಸುವ ಕೆಲಸ ರೂಪಾಳ ಪಾಲಿಗೆ ಬಂತು.

ಬಾಗಿಲು ಕಾಯುವುದಕ್ಕೆ ಇಷ್ಟು ಕೆಲಸ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಒಂದೊಂದು ಹಳ್ಳಿಯವಳಿಗೆ ಅವಳ ಹಳ್ಳಿಯ ಹೆಸರುಗಳು ಮಾತ್ರ ಕಾಣಬೇಕು. ಡಾಕ್ಟರಿಗೆ ಎಲ್ಲ ಕಾಣಬೇಕು. ಸಂಸ್ಥೆಯ ಸೆಕ್ರೆಟರಿಗೆ ಲೆಕ್ಕ ಮಾತ್ರ ಕಾಣಬೇಕು, ಕಾಯಿಲೆ ಕಾಣಬಾರದು. ಮತ್ತೆ ಮತ್ತೆ ತಪ್ಪು ಪಾಸ್‌ವರ್ಡ್ ಒತ್ತಿದರೆ ಬಾಗಿಲು ಮುಚ್ಚಬೇಕು. ಸುಮ್ಮನೆ ತೆರೆದಿಟ್ಟು ಎದ್ದು ಹೋದರೆ ತಾನೇ ಮುಚ್ಚಿಕೊಳ್ಳಬೇಕು. ಮೊದಲು ಆ ಹೆಂಗಸರೆಲ್ಲ ದೇವರ ಹೆಸರಿನ ಮುಂದೆ ಒಂದು ಎರಡು ಮೂರು ಬರೆದು ಪಾಸ್‌ವರ್ಡ್ ಮಾಡಿದ್ದರಂತೆ. ಕಠಿಣವಾದದ್ದು ಇಡಬೇಕೆಂದು ರೂಪಾ ನಿಯಮ ಹಾಕಿದಳು. ಹದಿನೈದು ದಿನಕ್ಕೆ ಹಳ್ಳಿಗಳಿಗೆ ಹೋಗಿ ನೋಡಿದರೆ ಕಠಿಣವಾದ ಪಾಸ್‌ವರ್ಡುಗಳೆಲ್ಲ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿದ್ದವು.

ಅದನ್ನು ಹೇಳಿ ಅವಳು ನಕ್ಕಳು. ಆಮೇಲೆ, ಅದಕ್ಕೇ ಫೋನಿಗೆ ಒಟಿಪಿ ಬರುವ ಹಾಗೆ ಮಾಡಿದೆ ಎಂದಳು. ಪಾಸ್‌ವರ್ಡ್ ಇದ್ದ ಮೇಲೆ ಮತ್ತೊಂದು ಯಾಕೆ ಎಂದು ಕೇಳಿದೆ.

"ಪಾಸ್‌ವರ್ಡ್ ಅಂದ್ರ ನಿನ್ನ ತಲ್ಯಾಗ ಇರೂದು. ಫೋನ್ ಅಂದ್ರ ನಿನ್ನ ಕೈಯಾಗ ಇರೂದು. ತಲಿ ಕದ್ದವಗ ಕೈ ಕದಿಯಾಕ ಆಗೂದಿಲ್ಲ. ಎರಡೂ ಒಬ್ಬರ ಕಡೇನ ಇದ್ರ ಒಳಗ ಬಂದಾವರು ಅವರ ಅಂತ ತಿಳೀತೈತಿ, ಅಕ್ಕಾ."

ತೊಡಕು ಬಂದದ್ದು ಘಟ್ಟದ ಮೇಲಿನ ಕಣಕುಂಬಿ ಎಂಬ ಹಳ್ಳಿಯಲ್ಲಿ. ಅಲ್ಲಿ ಸಂಸ್ಥೆಯ ಖೋಲಿಗೆ ತಂತಿಯ ಇಂಟರ್‌ನೆಟ್ ಇತ್ತು. ಆದರೆ ಮಳೆ ಹತ್ತಿದ ಮೇಲೆ ಮೊಬೈಲಿನ ಸಿಗ್ನಲ್ ಸತ್ತೇ ಹೋಗುತ್ತಿತ್ತು. ವೆಬ್‌ಸೈಟು ತೆರೆಯುತ್ತಿತ್ತು, ಒಟಿಪಿ ಕಳಿಸಿದ್ದೇನೆ ಎನ್ನುತ್ತಿತ್ತು, ಒಟಿಪಿ ಮಾತ್ರ ಘಟ್ಟ ಹತ್ತುತ್ತಿರಲಿಲ್ಲ. ಅಲ್ಲಿ ಬರೆಯುವವಳು ಪಾರ್ವತಿಬಾಯಿ, ಮರಾಠಿ ಮನೆಮಾತಿನವಳು, ಗಂಡ ತೀರಿಕೊಂಡಿದ್ದ. ಅವಳು ಛತ್ರಿ ಹಿಡಿದು ಗುಡ್ಡದ ಮೇಲೆ ಹೋಗಿ ನಂಬರು ಹಿಡಿದು ಕೆಳಗೆ ಓಡಿ ಬರುವಷ್ಟರಲ್ಲಿ ಅದರ ಅವಧಿ ಮುಗಿಯುತ್ತಿತ್ತು. ಸಿಗ್ನಲ್ ಇಲ್ಲದೆಯೂ ಫೋನಿನಲ್ಲೇ ನಂಬರು ಹುಟ್ಟಿಸುವ ಇನ್ನೊಂದು ದಾರಿ ಇದೆ, ಅದನ್ನು ಹಾಕೋಣ ಎಂದು ರೂಪಾ ಹೇಳಿದಳು. ಹೆಂಗಸರಿಗೆ ಒಂದು ಕಲಿಸುವುದೇ ಸಾಕಾಗಿದೆ, ಎರಡನೆಯದು ಬೇಡ ಎಂದು ಸೆಕ್ರೆಟರಿ ಒಪ್ಪಲಿಲ್ಲ.

ಒಂದು ಸಂಜೆ ರೂಪಾ ನನ್ನ ಫೋನು ಎತ್ತಿಕೊಂಡು, ಪಾರ್ವತಿಬಾಯಿಯ ಹೆಸರಿನ ಮುಂದೆ ನಿನ್ನ ನಂಬರು ಹಾಕುತ್ತೇನೆ ಎಂದಳು. ನಾನು ದಿನವೆಲ್ಲ ಯಂತ್ರದ ಮುಂದೆ ಕುಳಿತಿರುತ್ತೇನೆ, ಸ್ಟ್ಯಾಂಡಿನ ಎದುರು ಸಿಗ್ನಲ್ ಚೆನ್ನಾಗಿದೆ. ಒಟಿಪಿ ನನಗೆ ಬರುತ್ತದೆ. ಪಾರ್ವತಿಬಾಯಿ ನೆಟ್ಟಿನ ಮೇಲೆ ಕಾಲ್ ಮಾಡುತ್ತಾಳೆ, ನಾನು ಓದಿ ಹೇಳಿದರಾಯಿತು. ಯಾರಿಗೂ ಹೇಳಬೇಡಿ ಎಂದು ಅದರಲ್ಲೇ ಬರೆದಿರುತ್ತದಲ್ಲ ಎಂದೆ.

"ನೀ ಏನ್ ಯಾರೋ ಏನು? ಮಳಿ ನಿಲ್ಲೂತನಕ ಅಷ್ಟ," ಎಂದಳು.

ಹೀಗೆ ಆ ಮಳೆಗಾಲವೆಲ್ಲ ನನ್ನ ದಿನ ಪಾರ್ವತಿಬಾಯಿಯ ಧ್ವನಿಯಿಂದ ಶುರುವಾಯಿತು. ನಾನು ಅಂಗಡಿಯ ಬಾಗಿಲು ತೆಗೆದು ನೆಲ ಒರೆಸುವಷ್ಟರಲ್ಲಿ ಫೋನು. ನಾನು ನಂಬರನ್ನು ಮರಾಠಿಯಲ್ಲಿ ಓದಬೇಕು, ಅವಳು ಒಂದೊಂದನ್ನೂ ತಿರುಗಿ ಹೇಳುತ್ತ ಒತ್ತಬೇಕು. ಹಿಂದೆ ಮಳೆಯ ಸದ್ದು, ತಗಡಿನ ಮೇಲೆ ಕಲ್ಲು ಸುರಿದ ಹಾಗೆ. ಬಾಗಿಲು ತೆರೆಯಿತು ಎಂದ ಮೇಲೂ ಅವಳು ಫೋನು ಇಡುತ್ತಿರಲಿಲ್ಲ. ಗೋಡೆ ಬೆವರುತ್ತಿದೆ, ಬೆಂಕಿಪೆಟ್ಟಿಗೆ ಹತ್ತುತ್ತಿಲ್ಲ, ಸೊಸೆ ತವರಿಗೆ ಹೋದವಳು ರಸ್ತೆ ಬಂದಾಗಿದೆ ಎಂದು ಬಂದೇ ಇಲ್ಲ, ರಸ್ತೆ ಬಂದಾಗಿದೆಯೋ ಮನಸ್ಸು ಬಂದಾಗಿದೆಯೋ ದೇವರಿಗೆ ಗೊತ್ತು. ನಾನೂ ನನ್ನ ಗಿರಾಕಿಗಳ ಕಥೆ ಹೇಳುತ್ತಿದ್ದೆ. ಯಾರ ಕಾಯಿಲೆಯ ಸುದ್ದಿಯನ್ನೂ ಅವಳು ಎಂದೂ ಹೇಳಲಿಲ್ಲ. ಈಗ ನೆನೆದರೆ, ನಾನು ಒಂದೆರಡು ಸಲ ಕೇಳಿದ್ದೆ. ಅವಳು ಮಳೆಯ ಮಾತಿಗೆ ತಿರುಗಿಸುತ್ತಿದ್ದಳು.

ಮಧ್ಯದಲ್ಲಿ ಒಮ್ಮೆ ಮರ ಬಿದ್ದು ಕಣಕುಂಬಿಯ ತಂತಿಯೂ ಹರಿಯಿತು. ಸಂತೆಯ ದಿನ ಪಾರ್ವತಿಬಾಯಿ ಬಸ್ಸಿಗೆ ಬಂದು ನನ್ನ ಅಂಗಡಿಯ ಎದುರು ಇಳಿದಳು. ಅವಳನ್ನು ಆಗಲೇ ಮೊದಲು ನೋಡಿದ್ದು. ಸಣ್ಣ ಆಳು, ತಲೆಗೆ ಪ್ಲಾಸ್ಟಿಕ್ಕಿನ ಕೊಪ್ಪೆ, ಇಂಬಳ ಕಚ್ಚಿದ ಪಾದದಲ್ಲಿ ರಕ್ತ ಇನ್ನೂ ಜಿನುಗುತ್ತಿತ್ತು. ನನಗೆಂದು ಸಾರಿನ ಹುಳಿಗೆ ಒಣಗಿಸಿದ ಮುರುಗಲ ಸಿಪ್ಪೆ ತಂದಿದ್ದಳು. ಉಳಿದ ಬರಹವನ್ನೆಲ್ಲ ನನ್ನ ಫೋನಿನಲ್ಲೇ, ಒಂದೊಂದು ಅಕ್ಷರ ಹುಡುಕಿ ಹುಡುಕಿ ಮುಗಿಸಿದಳು. ವೆಬ್‌ಸೈಟಿನೊಳಗೆ ಹೋಗುವಾಗ ಫೋನು ಕೇಳಿತು: ಈ ಪಾಸ್‌ವರ್ಡ್ ನೆನಪಿಡಲೇ? ಅವಳು ನನ್ನ ಮುಖ ನೋಡಿದಳು.

"ಇರಲಿ ಬಿಡು ಬಾಯಿ, ನಿನ್ನ ಕಡೆ ಇದ್ರ ಏನ್ ಆಗತೈತಿ," ಎಂದಳು.

ನಾನು ಹ್ಞೂಂ ಎಂದು ಒತ್ತಿದೆ. ತಲೆಯಲ್ಲಿ ಇರಬೇಕಾದದ್ದು, ಕೈಯಲ್ಲಿ ಇರಬೇಕಾದದ್ದು, ಎರಡೂ ಅವತ್ತಿನಿಂದ ನನ್ನ ಹತ್ತಿರ ಬಂದವು.

ನಮ್ಮ ಕಡೆ ಮದುವೆಗೆ ಮೊದಲು ಚೌಕಶಿ ಮಾಡುತ್ತಾರೆ. ಹುಡುಗ ಕುಡಿಯುತ್ತಾನೋ ಇಲ್ಲವೋ ಎಂದು ಕಿರಾಣಿ ಅಂಗಡಿಯಲ್ಲಿ ಕೇಳುತ್ತಾರೆ. ಹುಡುಗಿಯ ವಿಷಯವನ್ನು ಬ್ಲೌಸು ಹೊಲಿಯುವವಳ ಹತ್ತಿರ ಕೇಳುತ್ತಾರೆ. ಅಳತೆ ಕೊಡಲು ಬಂದವರು ಯಂತ್ರದ ಮುಂದೆ ಕುಳಿತು ಏನೇನೋ ಮಾತಾಡುತ್ತಾರೆ, ಆದ್ದರಿಂದ ನಮಗೆ ಊರು ಗೊತ್ತಿರುತ್ತದೆ. ನಾನು ಎಷ್ಟೋ ಚೌಕಶಿಗೆ ಉತ್ತರ ಕೊಟ್ಟಿದ್ದೇನೆ. ಕೆಟ್ಟದ್ದು ಹೇಳುವಂತಿದ್ದರೆ ನನಗೆ ಅಷ್ಟು ಪರಿಚಯವಿಲ್ಲ ಎನ್ನುವುದು ರೂಢಿ. ಕೇಳಿದವರಿಗೆ ಅಷ್ಟರಲ್ಲೇ ತಿಳಿಯುತ್ತದೆ, ಹೇಳಿದವರ ಮೇಲೂ ಮಾತು ಬರುವುದಿಲ್ಲ.

ಶ್ರಾವಣದಲ್ಲಿ ಹಳೆಯ ಗಿರಾಕಿ, ಚಿಕ್ಕಮ್ಮನಂಥ ಸುಮನ್ ಮಾವಶಿ ಬಂದಳು. ಅವರ ಗಲ್ಲಿಯ ಮದುವೆಯ ಹೊಲಿಗೆಯೆಲ್ಲ ಅವಳ ಬಾಯಿಮಾತಿನಿಂದಲೇ ನನಗೆ ಬರುತ್ತಿತ್ತು. ಮಗನಿಗೆ ಕಣಕುಂಬಿಯ ಒಂದು ಹುಡುಗಿಯನ್ನು ನೋಡಿ ಬಂದಿದ್ದರು. ಮಾತು ಮುಗಿದಿತ್ತು, ಸುಪಾರಿ ಒಡೆದು ನಿಶ್ಚಯ ಮಾಡುವುದು ಬಾಕಿ. ಹುಡುಗಿ ಮನಸ್ಸಿಗೆ ಬಂದಿದ್ದಾಳೆ, ಮನೆತನವೂ ಒಳ್ಳೆಯದು, ಆದರೆ ಒಂದು ಮಾತು ಕಿವಿಗೆ ಬಿದ್ದಿದೆ ಎಂದಳು.

"ದವಾಖಾನಿ ಗಾಡಿ ಬಂದಾಗೊಮ್ಮೆ ಹೋಗಿ ನಿಂತಿರ್ತಾಳಂತ. ಯಾತಕ್ಕಂತ ಅಷ್ಟ ತಿಳಕೊಂಡು ಹೇಳು, ಸರೂ. ನಿನಗ ಗೊತ್ತಾಗದ ಹೆಣ್ಣಮಗಳು ಈ ತಾಲೂಕಿನ್ಯಾಗ ಯಾಕಿ ಅದಾಳ?"

ಆ ಹುಡುಗಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೇಳಬಾರದ ಕಡೆ ಒಮ್ಮೆ ಹೇಳಿದ್ದು ಸಾಕು.

ಮಾವಶಿ ಹೋದ ಮೇಲೆ ಅಂಗಡಿಯಲ್ಲಿ ನಾನೊಬ್ಬಳೇ. ಮಳೆಗೆ ರಸ್ತೆಯಲ್ಲಿ ಯಾರೂ ಇರಲಿಲ್ಲ. ಫೋನು ಎತ್ತಿಕೊಂಡೆ. ಪಾರ್ವತಿಬಾಯಿಯ ಹೆಸರು ತಾನೇ ಬಂತು, ಪಾಸ್‌ವರ್ಡ್ ತಾನೇ ಬಂತು. ಒಟಿಪಿ ನನ್ನ ಕೈಯಲ್ಲೇ ಗುಂಯ್ ಎಂದಿತು. ಒತ್ತಿದೆ. ನನ್ನ ತಂಗಿ ತಿಂಗಳುಗಟ್ಟಲೆ ಕುಳಿತು ಮಾಡಿದ ಬಾಗಿಲು ನನಗೆ ತೆರೆಯಿತು. ಹುಡುಗಿಯ ಹೆಸರು ಹುಡುಕಿದೆ. ಫಿಟ್ಸ್ ಎಂದಿತ್ತು. ಗುಳಿಗೆ ತಪ್ಪದೆ ಒಯ್ಯುತ್ತಾಳೆ, ಎರಡು ವರ್ಷದಿಂದ ಒಮ್ಮೆಯೂ ಫಿಟ್ಸ್ ಬಂದಿಲ್ಲ ಎಂದೂ ಬರೆದಿತ್ತು. ಅದನ್ನೂ ಓದಿದೆ.

ಮರುದಿನ ಮಾವಶಿಗೆ ಹೇಳುವಾಗ ಎರಡು ವರ್ಷದಿಂದ ಬಂದಿಲ್ಲ ಎನ್ನುವುದನ್ನು ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳಿದೆ ಎಂದುಕೊಳ್ಳಲು ಬಹಳ ಸಲ ಪ್ರಯತ್ನಿಸಿದ್ದೇನೆ. ನನಗೆ ಪರಿಚಯವಿಲ್ಲ ಎನ್ನುವ ರೂಢಿಯ ಮಾತು ಆಡಬಹುದಿತ್ತು. ಆಡಲಿಲ್ಲ. ಯಾಕೆ ಎಂದರೆ, ನಾನು ಏಳನೆಯ ತರಗತಿಯವಳು, ಕಂಪ್ಯೂಟರಿನ ಒಳಗೆ ಹೋಗಿ ನೋಡಿ ಬಂದಿದ್ದೆ. ಅದನ್ನು ಯಾರಿಗಾದರೂ ತೋರಿಸಬೇಕಾಗಿತ್ತು. ಮಾವಶಿ ನನ್ನ ಕೈ ಹಿಡಿದುಕೊಂಡು, ನೀನು ನಮ್ಮ ಮನೆ ಉಳಿಸಿದೆ ಎಂದಳು. ಆ ದಿನ ನನಗೆ ಸಂತೋಷವಾಗಿತ್ತು.

ಸಂಬಂಧ ಮುರಿಯಿತು. ಮುರಿದದ್ದಷ್ಟೇ ಅಲ್ಲ, ಕಾರಣವೂ ಊರೆಲ್ಲ ಆಯಿತು. ಹುಡುಗಿಯ ಅಪ್ಪ ಕಣಕುಂಬಿಯ ಖೋಲಿಗೆ ಬಂದು, ಈ ವಿಷಯ ಡಾಕ್ಟರಿಗೆ ಮತ್ತು ನಿನಗೆ ಬಿಟ್ಟು ಯಾರಿಗೆ ಗೊತ್ತಿತ್ತು ಎಂದು ಪಾರ್ವತಿಬಾಯಿಯನ್ನು ನಾಲ್ಕು ಜನರ ಎದುರು ಕೇಳಿದ. ಸಂಸ್ಥೆಯವರು ರೂಪಾಳಿಂದ ತಪಾಸಣೆ ಮಾಡಿಸಿದರು. ಆ ಹೆಸರನ್ನು ತೆರೆದದ್ದು ಪಾರ್ವತಿಬಾಯಿಯ ಲಾಗಿನ್ನಿನಿಂದ, ಗಾಡಿ ಬಾರದ ಒಂದು ದಿನ ಎಂದು ತಿಳಿಯಿತು. ತಾನು ತೆರೆದಿಲ್ಲ ಎಂದು ಅವಳು ಆಣೆ ಮಾಡಿದಳು.

ರೂಪಾ ಆ ಸಂಜೆ ಬಂದು ಸ್ಟೂಲಿನ ಮೇಲೆ ಕುಳಿತಳು. ಕೂದಲಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನು ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದೆ.

"ಅಕ್ಕಾ, ಒಂದ ಮಾತು. ನೀ ಯಾರಿಗರೆ ಆ ಒಟಿಪಿ ಕೊಟ್ಟೀಯೇನು?"

"ಇಲ್ಲವ್ವಾ. ಪಾರ್ವತಿಬಾಯಿಗೆ ಬಿಟ್ಟು ಯಾರಿಗೂ ಕೊಟ್ಟಿಲ್ಲ," ಎಂದೆ.

ಹುಕ್ಕು ಹಚ್ಚುವುದನ್ನು ನಿಲ್ಲಿಸಲಿಲ್ಲ. ನಾನು ಹೇಳಿದ್ದು ಖರೇನೇ ಇತ್ತು. ಯಾರಿಗೂ ಕೊಟ್ಟಿರಲಿಲ್ಲ. ಅವಳು ಟವೆಲ್ಲು ಹುಡುಕಿಕೊಂಡು ಒಳಗೆ ಹೋದಳು.

ಮರುದಿನ ಸೆಕ್ರೆಟರಿಯ ಮುಂದೆ ಅವಳು ತನ್ನ ತಪ್ಪು ಒಪ್ಪಿಕೊಂಡಳು. ನಂಬರು ನಮ್ಮಕ್ಕನದು, ಹಾಕಿದವಳು ನಾನೇ, ಹಾಕಬಾರದಿತ್ತು ಎಂದಳು. ಹಾಗಾದರೆ ನಿಮ್ಮ ಅಕ್ಕನೇ ಬಾಯಿ ಬಿಟ್ಟಿರಬಹುದಲ್ಲ ಎಂದು ಅವರು ಕೇಳಿದರು. ನಮ್ಮಕ್ಕ ಕೊಟ್ಟಿಲ್ಲ ಅಂದಿದ್ದಾಳೆ, ಅವಳ ಮಾತಿಗೆ ನಾನು ಜವಾಬ್ದಾರಿ ಎಂದಳು. ಆ ಮಾತಿನ ಮೇಲೆಯೇ ಪಾರ್ವತಿಬಾಯಿಯನ್ನು ಕೆಲಸದಿಂದ ತೆಗೆದರು.

ಆಮೇಲೆ ಎಲ್ಲ ಸರಿಯಾಗಿ ಹೊಂದಿಸಿದರು. ನನ್ನ ನಂಬರು ತೆಗೆದರು. ಸಿಗ್ನಲ್ ಇಲ್ಲದ ಊರಿನವರಿಗೆ ಫೋನಿನಲ್ಲೇ ನಂಬರು ಹುಟ್ಟುವ ದಾರಿ ಹಾಕಿದರು. ಹೆಂಗಸರು ಅರ್ಧ ದಿನದಲ್ಲಿ ಕಲಿತರಂತೆ. ಬೆಳಿಗ್ಗೆ ಬಾಗಿಲು ತೆಗೆದು ನೆಲ ಒರೆಸುವಾಗ ನನ್ನ ಫೋನು ಸುಮ್ಮನೆ ಇರುತ್ತಿತ್ತು. ಗಣೇಶನ ಹಬ್ಬದ ಹೊಲಿಗೆ ಬಂತು. ಹೊಲಿದೆ. ಉಂಡೆ, ಮಲಗಿದೆ, ಎದ್ದೆ. ಒಳಗೆ ಏನೂ ಅಲ್ಲಾಡಲಿಲ್ಲ.

ಹಬ್ಬ ಕಳೆದು ಒಂದು ರವಿವಾರ ಮಧ್ಯಾಹ್ನ ನಾವಿಬ್ಬರೂ ಊಟಕ್ಕೆ ಕುಳಿತಿದ್ದೆವು. ರೂಪಾ ಹೊಸಬಳಿಗೆ ಕಲಿಸಲು ಕಣಕುಂಬಿಗೆ ಹೋಗಿ ಬಂದಿದ್ದಳು. ದಾರಿಯಲ್ಲಿ ಪಾರ್ವತಿಬಾಯಿ ಸಿಕ್ಕು ಅವಳ ಕೈ ಹಿಡಿದುಕೊಂಡು, ನಾನು ಮಾಡಿಲ್ಲ ಮಗಳೇ ಎಂದಳಂತೆ. ತಾನು ಕೈ ಬಿಡಿಸಿಕೊಂಡು ಬಂದದ್ದನ್ನು ಹೇಳಿ, ಮುದುಕಿಯರು ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾರೆ ನೋಡು ಎಂದಳು ರೂಪಾ.

"ನಾನ ನೋಡಿದ್ದು," ಎಂದೆ.

ಹೇಳಬೇಕೆಂದು ನಿಶ್ಚಯ ಮಾಡಿ ಹೇಳಿದ್ದಲ್ಲ. ಅನ್ನ ಬೇಕೇನು ಎಂದು ಕೇಳುವ ಧ್ವನಿಯಲ್ಲೇ ಬಂತು. ಆಮೇಲೆ ಮಾವಶಿಯ ಮಾತು, ಫೋನು ನೆನಪಿಟ್ಟ ಪಾಸ್‌ವರ್ಡ್, ಎಲ್ಲ ಹೇಳಿದೆ. ರೂಪಾ ತಟ್ಟೆಯಲ್ಲೇ ಕೈ ತೊಳೆದಳು.

"ನಾ ಕೇಳಿದಾಗ?"

"ಯಾರಿಗೂ ಕೊಟ್ಟಿಲ್ಲ ಅಂದೆ. ಕೊಟ್ಟಿರಲಿಲ್ಲ."

"ಹೌದು," ಎಂದಳು. "ಕೊಟ್ಟಿರಲಿಲ್ಲ."

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಮರುದಿನ ಆಫೀಸಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಸಂಸ್ಥೆಯವರು ಕೆಲಸವನ್ನು ಬೇರೆಯವರಿಗೆ ಕೊಟ್ಟರು. ರೂಪಾಳಿಗೆ ಅವಳ ಆಫೀಸಿನಲ್ಲಿ ಆ ತಿಂಗಳು ಮುಗಿಯುವವರೆಗೆ ಮಾತ್ರ ಇರು ಎಂದರು. ಸಂಸ್ಥೆಯವರು ಪಾರ್ವತಿಬಾಯಿಗೆ ತಿರುಗಿ ಬಾ ಎಂದು ಹೇಳಿ ಕಳಿಸಿದರು. ಅಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿಲ್ಲ, ಕಣಕುಂಬಿಗೆ ಹೋಗೋಣ, ನೀನೇ ಬಂದು ಹೇಳಬೇಕು ಎಂದಳು ರೂಪಾ.

ಮಳೆ ತೆಳುವಾಗಿ ಆಗೀಗ ಬಿಸಿಲು ಬೀಳುತ್ತಿತ್ತು. ಪಾರ್ವತಿಬಾಯಿ ಅಂಗಳದ ಗೋಡೆಯ ಮೇಲೆ ಒದ್ದೆ ಕೌದಿಗಳನ್ನು ಬಿಸಿಲಿಗೆ ಹಾಕುತ್ತಿದ್ದಳು. ನಮ್ಮನ್ನು ನೋಡಿ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟಳು. ನಾನು ಮರಾಠಿಯಲ್ಲಿ ಹೇಳಿದೆ, ದಿನಾ ನಂಬರು ಓದುತ್ತಿದ್ದ ಧ್ವನಿಯಲ್ಲಿ. ಮುಗಿದ ಮೇಲೆ ಕಾಲು ಮುಟ್ಟಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು.

"ನನಗ ಹೇಳಿ ಏನ್ ಉಪಯೋಗ ಬಾಯಿ? ನಾ ಮಾಡಿಲ್ಲ ಅಂತ ನನಗ ಮೊದಲಿಂದ ಗೊತ್ತೈತಿ. ಸಂಸ್ಥೆಯವರು ತಿರುಗಿ ಬಾ ಅಂದಾರ. ಹೋಗಿ ಏನ್ ಬರೀಲಿ? ಯಾರೂ ನನ್ನ ಮುಂದ ಬಾಯಿ ಬಿಡೂದಿಲ್ಲ. ಬಸುರಿ ಇದ್ದಾಕಿನೂ ಇಲ್ಲ ಅಂತಾಳ."

ಆಮೇಲೆ ಕೈಯೆತ್ತಿ ಕೆಳಗಿನ ಗಲ್ಲಿಯನ್ನು ತೋರಿಸಿದಳು. "ಅಲ್ಲಿ ಹೇಳು. ಆ ಹುಡುಗಿ ಮನ್ಯಾಗ. ನಾನೂ ಬರ್ತೀನಿ."

ನಾನು ಎದ್ದೆ. ಗಲ್ಲಿಯ ತುದಿಯಲ್ಲಿ ಹಂಚಿನ ಮನೆ, ಮುಂದೆ ಒಬ್ಬ ಹುಡುಗಿ ಕೊಡ ತೊಳೆಯುತ್ತಿದ್ದಳು. ಅವಳೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಚೂಡಿದಾರದ ತೋಳು ಸರಿಯಾಗಿ ಕೂತಿರಲಿಲ್ಲ, ಕಂಕುಳಲ್ಲಿ ಎಳೆಯುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತೆ. ಯಾರೋ ಅವಸರದಲ್ಲಿ ಹೊಲಿದದ್ದು, ಒಂದು ಹೊಲಿಗೆ ಬಿಚ್ಚಿದರೆ ಸರಿಯಾಗುತ್ತದೆ ಎಂದುಕೊಂಡೆ. ಅವಳು ತಲೆ ಎತ್ತಿ ನಮ್ಮ ಕಡೆ ನೋಡಿದಳು. ಅಷ್ಟರಲ್ಲಿ ಮೇಲೆ ರಸ್ತೆಯಲ್ಲಿ ಖಾನಾಪುರದ ಬಸ್ಸು ತಿರುಗಿ ನಿಂತು ಹಾರ್ನ್ ಹೊಡೆಯಿತು.

ಬಸ್ಸು ಬಂತು ಎಂದೆ. ರೂಪಾ, ಇನ್ನೊಂದು ಬಸ್ಸು ಇದೆ ಎಂದಳು. ಅಂಗಡಿ ತೆಗೆಯಬೇಕು ಎಂದೆ. ನನ್ನ ಕಾಲುಗಳು ಮೇಲಕ್ಕೆ ನಡೆದವು. ನಾನು ಅವುಗಳ ಹಿಂದೆ ಹೋದೆ.

ಸೀಟಿನಲ್ಲಿ ಕುಳಿತ ಮೇಲೆ ಕಿಟಕಿಯಿಂದ ಕೆಳಗಿನ ಗಲ್ಲಿ ಕಾಣಿಸಿತು. ರೂಪಾ ಮುಂದೆ, ಪಾರ್ವತಿಬಾಯಿ ಹಿಂದೆ. ಹುಡುಗಿ ಕೊಡ ಬಿಟ್ಟು ಒಳಗೆ ಹೋಗಿ ಯಾರನ್ನೋ ಕರೆದಳು.

ಕಂಡಕ್ಟರು ಬಂದು, "ನಿಮ್ಮ ಜೋಡಿ ಬಂದಿದ್ರಲ್ಲ, ಆ ಅಕ್ಕಾರು?" ಎಂದ.

"ಬರೂದಿಲ್ಲ. ಒಂದ ಕೊಡ್ರಿ," ಎಂದೆ.

ಬಸ್ಸು ಹೊರಡುವಾಗ ನನ್ನ ತಂಗಿ ಆ ಮನೆಯ ಮುಂದೆ ಚಪ್ಪಲಿ ಬಿಡುತ್ತಿದ್ದಳು.